ಸಡಿಲ ಬಿಟ್ಟ ದಾರ

ಮಸ್ಕಿ, ೧೫ ನವೆಂಬರ್ ೧೯೫೩

ಭಳಿರೇ ಸಾರಥಿ, ಭಳಿರೇ! ಕೇಳು, ನಾನು ಯಾರೆಂದು ಕೇಳು!

ಕೇಳುವುದಿಲ್ಲ ನೀನು. ಕಾಗದದ ಸಾರಥಿಗೆ ಬಾಯಿ ಎಲ್ಲಿಂದ ಬರಬೇಕು? ನಮ್ಮ ದೊಡ್ಡಾಟದಲ್ಲಿ ಅರಸ ರಂಗಕ್ಕೆ ಬಂದು ಸಿಂಹಾಸನ ಏರಿದ ಕೂಡಲೇ ಸಾರಥಿ ಎದುರಿಗೆ ಕೈಕಟ್ಟಿ ನಿಂತು, ತಾವು ಯಾರು, ಯಾವ ರಾಜ್ಯದ ದೊರೆ, ಬಂದ ಕಾರಣವೇನು ಎಂದು ಕೇಳಬೇಕು. ಅವನು ಕೇಳಿದ ಮೇಲೆಯೇ ಅರಸನಿಗೆ ಮಾತು. ಕೇಳದಿದ್ದರೆ ಎಂಥ ಕೌರವೇಶ್ವರನೂ ಕಿರೀಟ ಹೊತ್ತ ಕಂಬ. ಈಗ ನನ್ನ ಮುಂದೆ ಕೈಕಟ್ಟಿ ಕೇಳುವವರು ಯಾರೂ ಇಲ್ಲದ್ದರಿಂದ ಈ ಪುಸ್ತಕವನ್ನೇ ಸಾರಥಿಯಾಗಿ ನೇಮಿಸಿಕೊಂಡಿದ್ದೇನೆ.

ನಾನು ಕರಿಬಸಯ್ಯ! ಮಸ್ಕಿ ಬೆಟ್ಟದ ಕೆಳಗೆ ನಿಂತು ಕೂಗಿದರೆ ಬೆಟ್ಟವೇ ಹೌದೆಂದು ಮರುನುಡಿಯುವಂಥ ಕಂಠದವನು. ದುರ್ಯೋಧನ ನಾನೇ, ಕಂಸ ನಾನೇ, ರಾವಣನೂ ನಾನೇ. ಲಿಂಗಸುಗೂರಿನಿಂದ ಸಿಂಧನೂರಿನವರೆಗೆ ನನ್ನ ಗರ್ಜನೆಗೆ ತೊಟ್ಟಿಲ ಕೂಸು ಎದ್ದು ಅತ್ತದ್ದುಂಟು, ಕಟ್ಟಿದ ಎತ್ತು ಹಗ್ಗ ಹರಿದದ್ದುಂಟು. ಅಂಥ ಚಕ್ರವರ್ತಿಗೆ ಇಂದು, ಸಾರಥಿ, ಕೂಡಲಿಕ್ಕೆ ಬರುವುದಿಲ್ಲ.

ನೋವು ಎಲ್ಲಿ ಎಂದು ತುಂಬಿದ ಸಭೆಯಲ್ಲಿ ಹೇಳುವಂತಿಲ್ಲ. ಸಿಂಹಾಸನಕ್ಕೆ ತಾಗುವ ಜಾಗದಲ್ಲಿ. ಮಳೆಗಾಲದ ಮೊದಲಿಗೆ ಒಂದು ಕುರು ಎದ್ದಿತು. ಒಡೆಯಿತು, ಮಾಯಿತು, ಪಕ್ಕದಲ್ಲೇ ಮತ್ತೊಂದು ಬಾಯಿ ತೆರೆಯಿತು. ಗುರುಗುಂಟಾದ ವೈದ್ಯರು ಎಣ್ಣೆ ಕೊಟ್ಟರು. ಆ ಬಾಯಿ ಮುಚ್ಚಿತು, ಇನ್ನೆರಡು ತೆರೆದವು. ಈಗ ಎಲ್ಲದರಿಂದಲೂ ಕೀವು. ವೈದ್ಯರು ಇದಕ್ಕೆ ಭಗಂದರ ಎಂದರು. ನಮ್ಮ ಮೇಳದಲ್ಲಿ ಪರದೆ ಕಟ್ಟುವ ಬುಡ್ಡೇಸಾಬ್ ನಾಸೂರ ಎಂದ. ಎರಡೂ ಗಂಭೀರವಾದ ಹೆಸರು, ರಾಕ್ಷಸರ ಪಾತ್ರಕ್ಕೆ ಇಡಬಹುದು.

ಮೇಳದ ಯಜಮಾನರಾದ ಶಿವಶರಣಪ್ಪ ಸಾಹುಕಾರರು ಇಂದು ಮನೆಗೆ ಬಂದಿದ್ದರು. ‘ಸಂಕ್ರಾಂತಿ ಮುಗದ ಮ್ಯಾಲೆ ಬಳಗಾನೂರಾಗ ಆಟ ಐತಿ. ಕಾಲುವಿ ಕೆಲಸದ ಗುತ್ತೇದಾರ ಆಡಸಾಕತ್ತಾನ, ಜಾತ್ರಿ ಕೂಡಿದಂಗ ಮಂದಿ ಕೂಡತೈತಿ. ನಿಮಗ ಕೂಡಾಕ ಬರ್ಲಿಲ್ಲಂದ್ರ ಸಾರಥಿ ಅಂಬಪ್ಪಗ ಕಿರೀಟ ಕೊಡಬೇಕಾಗತೈತಿ ನೋಡ್ರಿ ಅಯ್ನಾರ’ ಎಂದರು.

ಅಂಬಪ್ಪನಿಗೆ! ಇಷ್ಟು ವರ್ಷ ನನ್ನೆದುರು ಕೈಕಟ್ಟಿ ನಿಂತವನು ನನ್ನ ಸಿಂಹಾಸನ ಏರುವುದೆ? ಲಿಂಗಸುಗೂರಿನಲ್ಲಿ ಹೈದರಾಬಾದಿಗೆ ಹೋಗಿ ಓದಿ ಬಂದ ಡಾಕ್ಟರೊಬ್ಬರು ದವಾಖಾನೆ ತೆಗೆದಿದ್ದಾರಂತೆ. ಹೊರಟೆ!

ಗುರುಲಿಂಗಮ್ಮ, ನನ್ನ ಪಟ್ಟದ ರಾಣಿ, ನಾನು ಹೇಳದೆಯೇ ನನ್ನ ಧೋತರ ಒಗೆದು ಹಾಕುತ್ತಾಳೆ. ಒಂದು ಮಾತಿಲ್ಲ, ಮೂಗು ಮುರಿಯುವುದಿಲ್ಲ. ಮಹಾ ಮಡಿವಂತೆ. ಬೆಳಕು ಹರಿಯುವ ಮುಂಚೆಯೇ ತನ್ನ ಸೀರೆಯನ್ನೂ ಒಗೆದು ಹಿತ್ತಲಲ್ಲಿ ಹರವಿರುತ್ತಾಳೆ.

ಮಸ್ಕಿ, ೧೮ ನವೆಂಬರ್

ಮೋಟರಿನಲ್ಲಿ ಲಿಂಗಸುಗೂರಿನವರೆಗೆ ನಿಂತೇ ಹೋದೆ. ‘ಕೂಡ್ರಿ ಅಯ್ನಾರ, ಜಾಗ ಐತಿ’ ಎಂದ ಕಂಡಕ್ಟರ್. ‘ದುರ್ಯೋಧನ ಎಲ್ಲಿ ಬೇಕಲ್ಲಿ ಕೂಡೂದಿಲ್ಲಪಾ’ ಎಂದೆ. ಮೋಟರೆಲ್ಲ ನಕ್ಕಿತು. ಗುರುಲಿಂಗಮ್ಮನೂ ಕೂಡಲಿಲ್ಲ. ಗಂಡನಿಗಿಲ್ಲದ ಆಸನ ತನಗೇಕೆಂದು! ಅದರ ಮೇಲೆ ಬೆಳಿಗ್ಗೆಯಿಂದ ಉಪವಾಸ. ಮನೆಯಲ್ಲಿದ್ದರೆ ಒಪ್ಪತ್ತು, ಊರು ಬಿಟ್ಟು ಹೊರಟರೆ ಅದೂ ಇಲ್ಲ. ವ್ರತವೆಂದರೆ ವ್ರತ.

ಡಾಕ್ಟರ್ ರಘೋತ್ತಮರಾವ್ ಕಡ್ಡಿಯಂಥ ಮನುಷ್ಯ, ದನಿ ಇನ್ನೂ ಸಣ್ಣದು. ನಮ್ಮ ಆಟದಲ್ಲಿ ಅವರಿಗೆ ದೂತನ ಪಾತ್ರವೂ ಸಿಗಲಿಕ್ಕಿಲ್ಲ. ನನ್ನನ್ನು ಮಗ್ಗುಲಾಗಿಸಿ, ತುದಿ ಮೊಂಡಾದ ಬೆಳ್ಳಿ ಕಡ್ಡಿಯೊಂದನ್ನು ಆ ಗವಿಯೊಳಗೆ ತೂರಿಸಿದರು. ಆಗ ನಾನು ಗರ್ಜಿಸಿದ ಗರ್ಜನೆ! ಬೀದಿಯಲ್ಲಿ ಜನ ನಿಂತರು. ಅಲ್ಲಿಯ ಆಯಾ ಚಾಂದ್‌ಬೀ ಓಡಿ ಬಂದು ಕಿಟಕಿ ಮುಚ್ಚಿದಳು. ‘ಅಯ್ಯ, ಇದೇನು ದವಾಖಾನೀನೋ ಬಯಲಾಟನೋ!’

ಡಾಕ್ಟರು ಕೈ ತೊಳೆದುಕೊಂಡು ಬಂದು ಹೇಳಿದರು. ‘ನೋಡ್ರಿ ಅಯ್ನೋರ, ಆಸನದ ಬಾಯಿಗೆ ಲಾಡಿ ಇದ್ದಂಗ ಒಂದು ಮಾಂಸದ ಬಳಿ ಇರ್ತದ. ತಡೀಬೇಕಂದ್ರ ಬಿಗೀತದ, ಬಿಡಬೇಕಂದ್ರ ಸಡಲ್ತದ. ನಿಮ್ಮ ನಾಸೂರ ಆ ಬಳಿಯೊಳಗ ಹಾದು ಮ್ಯಾಲಕ್ಕ ಹೋಗ್ಯದ. ಕವಲು ಬ್ಯಾರೆ ಒಡದದ.’

‘ಹಾಗಾದ್ರ ಕೊಯ್ದು ಒಗೀರಿ! ಎತ್ರಿ ಕತ್ತಿ!’

‘ಕೊಯ್ಯೂದು ಒಂದು ಗಳಿಗಿ ಕೆಲಸ. ನಾಸೂರ ಹೋಗ್ತದ, ಅದರ ಜೋಡಿ ಲಾಡಿನೂ ಹೋಗ್ತದ. ಆಮ್ಯಾಲೆ ಗಾಳಿ ನಿಲ್ಲೂದಿಲ್ಲ, ನೀರಾಗಿ ಬಂದದ್ದು ನಿಲ್ಲೂದಿಲ್ಲ. ಅದಕ್ಕ ಆ ಬಳಿ ಉಳಿಸಿಕೊಂಡು ಮಾಡಬೇಕು. ಈಗ ಆ ದಾರಿಯೊಳಗ ಒಂದು ರೇಷ್ಮಿ ದಾರ ಹಾಯಿಸಿ ಸಡಿಲ ಬಿಡತೀನಿ. ಕೀವು ದಾರದ ಗುಂಟ ಇಳದು ಹೋಗ್ತದ. ಯುಗಾದಿ ಹೊತ್ತಿಗೆ ಜಾಗ ತಣ್ಣಗಾಗ್ತದ. ಆವಾಗ ದಾರ ತಗದು ಒಳಗಿನ ಬಾಯಿ ಹೊಲದು ಮುಚ್ಚತೀನಿ.’

‘ಯುಗಾದಿ? ಸಂಕ್ರಾಂತಿಗೆ ನನ್ನ ಆಟ ಐತ್ರಿ!’

‘ಆಟ ಮುಂದಿನ ವರ್ಷನೂ ಇರ್ತದ.’

ಆಗ ಬಾಗಿಲ ಹತ್ತಿರ ಸೆರಗು ಹೊದ್ದು ನಿಂತಿದ್ದ ಗುರುಲಿಂಗಮ್ಮ ಬಾಯಿ ತೆರೆದಳು. ‘ಆ ಬಳಿ ಹರದಿದ್ರ ಮತ್ತ ಕೂಡತೈತೇನ್ರಿ?’

‘ಹೊಸದಾಗಿ ಹರದದ್ದು ಹೊಲದ್ರ ಕೂಡ್ತದ. ಹಳೇದಾಗಿದ್ರ ತುದಿ ಹಿಂದಕ್ಕ ಸರದಿರ್ತಾವ, ಹುಡುಕಿ ಎಳದು ಹೊಲೀಬೇಕು. ಕಷ್ಟ ಅದ. ಆಗೂದೇ ಇಲ್ಲ ಅನ್ನಂಗಿಲ್ಲ. ಯಾಕವ್ವ?’

‘ಸುಮ್ನ ಕೇಳಿದ್ನ್ರಿ.’

ನೋಡಿದೆಯಾ ಸಾರಥಿ! ಕತ್ತಿ ಇನ್ನೂ ಒರೆಯಿಂದ ಹೊರಬಂದಿಲ್ಲ, ಆಗಲೇ ಗಂಡನ ಮಾಂಸ ಹರಿದೀತೆಂದು ಇವಳಿಗೆ ಅಂಜಿಕೆ!

ಮಸ್ಕಿ, ೩೦ ನವೆಂಬರ್

ದಾರ ಹಾಕಿಸಿಕೊಂಡು ಬಂದೆ. ಮೂಗಿಗೆ ಹಿಡಿದ ಔಷಧದ ವಾಸನೆ ಇನ್ನೂ ತಲೆಯೊಳಗಿದೆ. ಸಾರಥಿ, ನಿನ್ನ ದೊರೆ ಈಗ ಹಿಂದುಗಡೆ ಒಂದು ರೇಷ್ಮೆ ಉಂಗುರ ಧರಿಸಿದ್ದಾನೆ. ಇಂಥ ಆಭರಣ ಯಾವ ಅರಸನಿಗೂ ಇಲ್ಲ.

ದವಾಖಾನೆಯಿಂದ ಬಿಡುವಾಗ ಡಾಕ್ಟರು ಹೇಳಿದ್ದು ಒಂದೇ ಮಾತು. ‘ಎಳೀಬ್ಯಾಡ್ರಿ, ಬಿಗೀಬ್ಯಾಡ್ರಿ. ಅದು ಜೋತಾಡಿದ್ರೂ ಜೋತಾಡ್ಲಿ.’

ಮಸ್ಕಿ, ೧೨ ಡಿಸೆಂಬರ್

ದಿನಕ್ಕೆರಡು ಸಲ ದೊಡ್ಡ ಬೋಗೋಣಿಯಲ್ಲಿ ಬಿಸಿನೀರು ಹಾಕಿಸಿಕೊಂಡು ಕೂಡುತ್ತೇನೆ. ಹಸ್ತಿನಾವತಿಯ ಸಿಂಹಾಸನ ಈಗ ಹಿತ್ತಾಳೆಯ ಬೋಗೋಣಿ. ನೋವು ಕಡಿಮೆ. ಕೀವು ಮಾತ್ರ ಸೋರುತ್ತಲೇ ಇದೆ. ಸೋರಲಿಕ್ಕೇ ದಾರ ಹಾಕಿದ್ದು ಎನ್ನುತ್ತಾಳೆ ಗುರುಲಿಂಗಮ್ಮ, ತಾನೇ ಡಾಕ್ಟರೆಂಬಂತೆ.

ಮಠದ ಅಂಗಳದಲ್ಲಿ ತಾಲೀಮು ನಡೆದಿದೆ. ಇಲ್ಲಿಗೇ ಕೇಳಿಸುತ್ತದೆ. ಅಂಬಪ್ಪ ನನ್ನ ಮಾತುಗಳನ್ನು ಹೇಳುತ್ತಿದ್ದಾನೆ, ನನ್ನ ಮಾತುಗಳನ್ನು! ಅವನ ದುರ್ಯೋಧನ ಮಾವನ ಮನೆಗೆ ಬಂದ ಹೊಸ ಅಳಿಯನಂತೆ ಗರ್ಜಿಸುತ್ತಾನೆ.

‘ಅಂಬಪ್ಪ ಛಲೋ ಮಾಡಾಕತ್ತಾನಂತ್ರಿ’ ಎಂದಳು ಇವಳು.

‘ನೀ ಯಾವಾಗ ನೋಡೀಬೇ? ನನ್ನ ಆಟನಽ ನೋಡಂಗಿಲ್ಲ ನೀನು!’ ಎಂದು ಅಬ್ಬರಿಸಿದೆ. ನಿಜ ತಾನೆ? ಮದುವೆಯಾದ ಹೊಸತರಲ್ಲಿ ಮುಂದಿನ ಸಾಲಿಗೇ ಬಂದು ಕೂಡುತ್ತಿದ್ದಳು. ಪಾಮನಕಲ್ಲೂರಿನ ತವರಿನಲ್ಲಿ ಹೆರಿಗೆಯಾಗಿ ಕೂಸು ಉಳಿಯಲಿಲ್ಲ, ನಾನು ಆ ದಿನ ಸಿಂಧನೂರಿನಲ್ಲಿ ಕಂಸನಾಗಿದ್ದೆ, ಆ ಬಾಣಂತನದಿಂದ ಎದ್ದು ಬಂದ ಮೇಲೆ ಆಟಕ್ಕೆ ಬರುವುದನ್ನೇ ಬಿಟ್ಟಳು. ಬಂದರೂ ಬಾಗಿಲ ಹತ್ತಿರ ನಿಂತು ಅರ್ಧಕ್ಕೇ ಎದ್ದು ಹೋಗುತ್ತಾಳೆ. ಕೇಳಿದರೆ, ಮನೆಯಲ್ಲಿ ಕೆಲಸ ಐತ್ರಿ. ಕಲೆಯ ರುಚಿ ಇಲ್ಲದವಳಿಗೆ ಏನು ಹೇಳುವುದು?

ಮಸ್ಕಿ, ೨೧ ಡಿಸೆಂಬರ್

ಬುಡ್ಡೇಸಾಬ್ ಬಂದಿದ್ದ. ಗುರುಲಿಂಗಮ್ಮ ನೀರಿಗೆ ಹೋಗಿದ್ದಳು.

‘ಎಲ್ಲಿ, ತೋರಸ್ರಿ ನಿಮ್ಮ ದಾರ’ ಎಂದ.

‘ನಾಚಿಕಿ ಇಲ್ಲೇನ್ಲೇ?’

‘ಹುಡುಗಾಗಿದ್ದಾಗಿಂದ ನಿಮಗ ಕಚ್ಚಿ ಕಟ್ಟಾಕತ್ತೀನಿ, ಈಗೇನ್ ಹೊಸಾ ನಾಚಿಕೀ? ಆಕಡಿ ಹೊಳ್ರಿ.’ ನೋಡಿದ. ಬಹಳ ಹೊತ್ತು ನಾಲಿಗೆ ಲೊಚಗುಟ್ಟಿದ. ‘ಅಯ್ನಾರ, ಸಿಟ್ಟಾಗಬ್ಯಾಡ್ರಿ, ಡಾಕ್ಟರಸಾಬಗ ಗಂಟು ಹಾಕಾಕ ಬರಂಗಿಲ್ಲ. ನಾ ಹಿಂಗ ಪರದಿ ಕಟ್ಟಿದ್ರ ನೀವು ಕಾಲಾಗಿಂದು ಕೈಯಾಗ ತಗೋತಿದ್ರಿ.’

‘ಸಡಿಲ ಇರ್ಲಿ ಅಂದಾರೋ ಮಾರಾಯ.’

‘ಯಾಕ ಇರ್ಬೇಕು? ನನ್ನ ಕುತ್ತಿಗಿ ಮ್ಯಾಲಿನ ನರೂಲಿ ನೆನಪೈತಿಲ್ಲೋ? ನೀವಽ ಹೇಳಿದ್ರಿ, ಕುದುರಿ ಬಾಲದ ಕೂದಲಾ ಕಟ್ಟು, ದಿನಾ ಒಂದೀಟು ಬಿಗಿ ಅಂತ. ಉದುರಿ ಹೋತಿಲ್ಲೋ? ಇದೂ ಹಂಗಽ. ಬಿಗದಂಗ ಬಿಗದಂಗ ಕೊಯ್ಕೊಂಡು ಹೊರಗ ಬರತೈತಿ, ನಾಸೂರನೂ ಅದರ ಹಿಂದ ಬರತೈತಿ. ಯುಗಾದಿ ಯಾಕ, ಸಂಕ್ರಾಂತಿಗೆ ಸಿಂಹಾಸನದ ಮ್ಯಾಲೆ ಇರ್ತೀರಿ.’

ಸಾರಥಿ, ನಾನು ಯೋಚಿಸಿದೆ. ನಮ್ಮ ರಂಗದಲ್ಲಿ ಸಡಿಲು ಎಂಬುದಕ್ಕಿಂತ ದೊಡ್ಡ ಪಾಪ ಯಾವುದಿದೆ? ಕಚ್ಚೆ ಸಡಿಲಾದರೆ ಮಾನ ಹೋಯಿತು. ಕಿರೀಟದ ದಾರ ಸಡಿಲಾದರೆ ರಾಜ್ಯ ಹೋಯಿತು. ಮದ್ದಲೆ ಸಡಿಲಾದರೆ ಬೆಂಕಿಗೆ ಹಿಡಿದು ಬಿಗಿಸುತ್ತೇವೆ. ಬಿಗಿದು ಬಿಗಿದೇ ಅಲ್ಲವೆ ಕರಿಬಸಯ್ಯ ಕೌರವನಾಗುವುದು? ಔಷಧ ಡಾಕ್ಟರಿಗೆ ಗೊತ್ತಿರಬಹುದು, ಆದರೆ ದಾರದ ವಿಷಯ ಗೊತ್ತಿರುವುದು ದಾರದಲ್ಲಿ ಬದುಕುವವರಿಗೆ.

‘ಬಿಗಿ’ ಎಂದೆ.

ಮಸ್ಕಿ, ೨೯ ಡಿಸೆಂಬರ್

ಗುರುಲಿಂಗಮ್ಮ ನೀರಿಗೆ ಹೋದಾಗ ಬುಡ್ಡೇಸಾಬ್ ಬರುತ್ತಾನೆ. ಪರದೆಯ ಹಗ್ಗಕ್ಕೆ ಹಾಕುವ ಜಾರುಗಂಟನ್ನೇ ಹಾಕಿದ್ದಾನೆ, ದಿನವೂ ಒಂದು ಎಳೆತ. ನೋವು, ಸಾರಥಿ, ನೋವು! ಹಲ್ಲು ಕಚ್ಚಿ ಹಿಡಿದಿದ್ದೇನೆ. ತೊಡೆ ಮುರಿಸಿಕೊಂಡವನ ಪಾತ್ರ ಮಾಡಿದವನಿಗೆ ಇದೆಷ್ಟರದು?

ಮಸ್ಕಿ, ೯ ಜನವರಿ ೧೯೫೪

ಭಳಿರೇ! ಭಳಿರೇ! ಬಿದ್ದಿತು! ದಾರ ಕೊಯ್ದುಕೊಂಡು ತಾನೇ ಹೊರಬಿದ್ದಿತು! ಕೀವು ಇಳಿದಿದೆ. ಗಾಯ ಹಸಿಯಿದೆ, ಆದರೆ ಮೆತ್ತನೆಯ ಬಟ್ಟೆಯ ಮೇಲೆ ಕೂತೆ ಸಾರಥಿ, ಕೂತೆ! ಬುಡ್ಡೇಸಾಬನನ್ನು ಅಪ್ಪಿಕೊಂಡೆ. ಸಾಹುಕಾರರಿಗೆ ಹೇಳಿಕಳಿಸಿದೆ, ಅಂಬಪ್ಪನ ತಲೆಯಿಂದ ಕಿರೀಟ ಇಳಿಸಿಕೊಂಡು ಬನ್ನಿ ಎಂದು.

ಗುರುಲಿಂಗಮ್ಮನಿಗೆ ಆಗ ಹೇಳಿದೆ. ಅವಳ ಮುಖ ಬೂದಿಯಾಯಿತು. ‘ಡಾಕ್ಟರಿಗೆ ತೋರಸೋಣ ನಡೀರಿ’ ಎಂದಳು.

‘ಆಟ ಮುಗೀಲಿ.’

ಒಲೆಯ ಕಡೆ ಮುಖ ಮಾಡಿ ಕೇಳಿದಳು, ‘ಗಾಳಿ ತಡದ್ರ ನಿಲ್ಲತೈತೇನ್ರಿ?’

ಹೆಂಗಸಿನ ಬಾಯಲ್ಲಿ ಇಂಥ ಪ್ರಶ್ನೆ! ‘ಚಕ್ರವರ್ತಿಗೆ ಕೇಳೂ ಮಾತೇನಽ ಇದು?’ ಎಂದು ಬೆಟ್ಟಕ್ಕೆ ಕೇಳಿಸುವಂತೆ ಕೂಗಿದೆ. ಬೆಟ್ಟವೂ ಕೂಗಿತು. ಅವಳು ಮತ್ತೆ ಕೇಳಲಿಲ್ಲ.

ಎರಡು ದಿನದಿಂದ ಧೋತರಕ್ಕೆ ಏನೋ ತಾಗುತ್ತಿದೆ. ಗಾಯದ ಉಳಿಕೆ ಇರಬೇಕು.

ಮಸ್ಕಿ, ೧೭ ಜನವರಿ

ನಿನ್ನೆ ಬಳಗಾನೂರಿನಲ್ಲಿ ಆಟವಾಯಿತು.

ಮಸ್ಕಿ, ೨೬ ಜನವರಿ

ಬರೆದರೆ ಹಗುರಾದೀತೆಂದು ಬರೆಯುತ್ತೇನೆ.

ಕಾಲುವೆಯ ಮಣ್ಣು ಹೊರುವ ಜನ, ಗುತ್ತೇದಾರ, ಅವನ ಕಡೆಯ ತೆಲುಗು ಮಂದಿ, ಬಳಗಾನೂರಿನ ಊರಿಗೆ ಊರೇ. ಬುಡ್ಡೇಸಾಬ್ ಕಚ್ಚೆ ಬಿಗಿದ, ಭುಜಕೀರ್ತಿ ಕಟ್ಟಿದ. ಪರದೆ ಸರಿಯಿತು. ನಾನು ಸಿಂಹಾಸನದಲ್ಲಿದ್ದೆ. ಅಂಬಪ್ಪ ಎದುರಿಗೆ ಬಂದು ಕೈಕಟ್ಟಿ, ತಾವು ಯಾರು ಎಂದು ಕೇಳಿದ.

ಹೊಕ್ಕಳಿನಿಂದ ಉಸಿರೆಳೆದು, ಎಲೈ ಸಾರಥಿ ಎಂದೆ. ನನಗಿಂತ ಮೊದಲು ಕೆಳಗಿನಿಂದ ಬೇರೆ ದನಿ ಬಂತು. ಮುಂದಿನ ಸಾಲಿನವರು ನಕ್ಕರು, ಹಾಸ್ಯವೆಂದುಕೊಂಡರು. ತಡೆಯಲು ನೋಡಿದೆ. ತಡೆಯಲಿಕ್ಕೆ ಅಲ್ಲಿ ಏನೂ ಇರಲಿಲ್ಲ. ಎಷ್ಟೋ ಹೊತ್ತು ನೋಡಿದೆ, ಏನೂ ಸಿಗಲಿಲ್ಲ. ಬಿಸಿಯಾಗಿ ಹರಿದು ಸಿಂಹಾಸನದ ಮಕಮಲ್ಲಿನ ಮೇಲೆ ಇಳಿಯಿತು. ವಾಸನೆ ಮುಂದಿನ ಸಾಲಿಗೆ ಮುಟ್ಟಿದ ಮೇಲೆ ನಗು ನಿಂತಿತು. ನಗು ನಿಂತದ್ದೇ ಕೆಟ್ಟದ್ದು.

ಅಂಬಪ್ಪ ಹತ್ತಿರ ಬಂದ. ಕೈಕಟ್ಟಿದ್ದನ್ನು ಬಿಟ್ಟು, ಹೆಗಲ ಮೇಲಿನ ಶಲ್ಯ ಬಿಚ್ಚಿ ನನ್ನ ಮುಂದೆ ಅಡ್ಡ ಹಿಡಿದು, ‘ಮಹಾಪ್ರಭೂ, ಅಂತಃಪುರದಿಂದ ಕರೆ ಬಂದಿದೆ, ಈಗಿಂದೀಗ ದಯಮಾಡಿಸಬೇಕು’ ಎಂದು ಕೂಗಿದ. ಅಷ್ಟು ದೊಡ್ಡ ದನಿ ಅವನಿಗಿದೆ ಎಂದು ನನಗೆ ಗೊತ್ತಿರಲಿಲ್ಲ. ಪರದೆ ಬಿತ್ತು.

ಬಂಡಿಯಲ್ಲಿ ಹುಲ್ಲಿನ ಮೇಲೆ ಮಲಗಿಸಿಕೊಂಡು ಬಂದರು.

೧೧ ಫೆಬ್ರುವರಿ

ಹೊರಗೆ ಹೋಗಿಲ್ಲ.

೧೯ ಫೆಬ್ರುವರಿ

ಗಾಯ ಮಾಯ್ದಿದೆ. ಕೀವಿಲ್ಲ, ನೋವಿಲ್ಲ. ನಾಸೂರ ಹೋಯಿತು. ಬುಡ್ಡೇಸಾಬ್ ಹೇಳಿದ್ದು ಸುಳ್ಳಾಗಲಿಲ್ಲ.

೨೨ ಫೆಬ್ರುವರಿ

ಬುಡ್ಡೇಸಾಬ್ ಬಂದು ಹೊಸ್ತಿಲ ಹೊರಗೆ ಕೂತಿದ್ದ. ಒಳಗೆ ಬಾ ಎಂದರೆ ಬರಲಿಲ್ಲ. ತನ್ನ ಎರಡು ಕೈ ನೋಡುತ್ತ, ‘ಗಂಟು ನಂದು ಅಯ್ನಾರ’ ಎಂದ. ‘ಬಿಗಿ ಅಂದದ್ದು ನಾನು’ ಎಂದೆ. ಗುರುಲಿಂಗಮ್ಮ ಅವನಿಗೆ ಚಹಾ ಕೊಟ್ಟಳು. ಕುಡಿಯದೆ ಹೋದ.

ಮಸ್ಕಿ, ೮ ಮಾರ್ಚ್

ಲಿಂಗಸುಗೂರಿಗೆ ಹೋಗಿ ಬಂದೆವು. ಡಾಕ್ಟರು ಬೈಯುತ್ತಾರೆಂದುಕೊಂಡಿದ್ದೆ. ಬೈಯಲಿಲ್ಲ. ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

‘ಬಿಗಿದ ದಾರ ದಿನಾ ಒಂದೀಟು ಕೊಯ್ಕೋತ ಬರ್ತದ್ರಿ ಅಯ್ನೋರ. ಅದಕ್ಕ ಸಡಿಲ ಬಿಟ್ಟಿದ್ದೆ. ಒಂದು ಗಳಿಗಿಯೊಳಗ ನಾ ಮಾಡಲಿಕ್ಕೆ ಒಲ್ಲೆ ಅಂದ ಕೆಲಸ ನೀವು ನಿಧಾನಕ್ಕ ಕೂತು ಮಾಡೀರಿ.’

‘ನರೂಲಿಗೆ ಹಂಗ ಮಾಡತೀವ್ರಿ’ ಎಂದೆ.

‘ಹೊಲದು ನೋಡತೀನಿ. ಮಾತು ಕೊಡಂಗಿಲ್ಲ.’

ಮಸ್ಕಿ, ೨ ಮೇ

ಹೊಲಿದು ಬಹಳ ದಿನವಾಯಿತು. ಅರ್ಧ ಕೂಡಿದೆ, ಅರ್ಧ ಕೂಡಿಲ್ಲ. ಗಟ್ಟಿಯಾದದ್ದು ನಿಲ್ಲುತ್ತದೆ. ಉಳಿದವು ತಮಗೆ ಬೇಕಾದಾಗ ಬರುತ್ತವೆ. ಇನ್ನು ಇಷ್ಟೇ ಎಂದರು ಡಾಕ್ಟರು. ಭಾರ ಎತ್ತಬಾರದು, ಕೂಗಬಾರದು. ಕೂಗಿದರೆ ಒಳಗಿನ ಉಸಿರು ಕೆಳಕ್ಕೆ ನೂಕುತ್ತದಂತೆ.

ನಿನ್ನೆ ಬೆಟ್ಟದ ಕೆಳಗೆ ಹೋಗಿದ್ದೆ. ಸುಮ್ಮನೆ ನಿಂತು ಬಂದೆ.

ಮಸ್ಕಿ, ೬ ಜೂನ್

ಗುರುಲಿಂಗಮ್ಮ ಹಳೆಯ ನೂಲಿನ ಸೀರೆಯೊಂದನ್ನು ಹರಿದು ನನಗೆ ಬಟ್ಟೆ ಮಡಚುವುದನ್ನು ಕಲಿಸಿದಳು. ಉದ್ದಕ್ಕೆ ನಾಲ್ಕು ಮಡಿಕೆ, ನಡುವೆ ಒಂದು ಜೇಬಿನಂತೆ, ಎರಡೂ ತುದಿ ಉಡದಾರಕ್ಕೆ ಸಿಕ್ಕಿಸುವುದು.

‘ನಡುವ ಬೂದಿ ಹಾಕಬೇಕ್ರಿ, ಕುಳ್ಳಿನ ಬೂದಿ, ಜರಡಿ ಹಿಡದದ್ದು. ವಾಸನಿ ಹೀರಿಕೋತೈತಿ. ಕೂತಾಗ ಒಂದು ತೊಡಿ ಮ್ಯಾಲೆ ವಾಲಿ ಕೂಡ್ರಿ. ಎಲ್ಯರ ಹೋಗೂದಿದ್ರ ಹಿಂದಿನ ರಾತ್ರಿಯಿಂದನಽ ಏನೂ ತಿನಬ್ಯಾಡ್ರಿ. ಮಂದ್ಯಾಗ ನಿಂತ್ರ ಬಾಗಲಾ ಹತ್ತರ ನಿಂದ್ರಬೇಕು.’

ಅವಳ ಬೆರಳು ಎಲ್ಲಿಯೂ ತಡವರಿಸಲಿಲ್ಲ. ಇಷ್ಟು ಬೇಗ ಹೇಗೆ ಕಲಿತಳೋ.

ಮಸ್ಕಿ, ೨೦ ಜೂನ್

ಸಾಹುಕಾರರ ಮನೆಯ ಮದುವೆಗೆ ಹೋಗಬೇಕಾಯಿತು. ಹಿಂದಿನ ರಾತ್ರಿಯಿಂದ ಉಪವಾಸ. ಬಾಗಿಲ ಹತ್ತಿರ ನಿಂತೆ. ‘ಊಟಕ್ಕ ಏಳ್ರಿ ಅಯ್ನಾರ’ ಎಂದರೆ ‘ಇವತ್ತ ಒಪ್ಪತ್ತು’ ಎಂದೆ. ‘ಕೂಡ್ರಿ’ ಎಂದರೆ ‘ಮನ್ಯಾಗ ಕೆಲಸ ಐತಿ’ ಎಂದೆ. ಅರ್ಧಕ್ಕೇ ಬಂದುಬಿಟ್ಟೆ.

ಮಾತು ನನ್ನದೇ. ಆದರೆ ಎಲ್ಲೋ ಕೇಳಿದ್ದೆ ಎನಿಸಿತು, ಬರುವ ದಾರಿಯುದ್ದಕ್ಕೂ.

ಅಂಬಪ್ಪ ಹಿಂದೆಯೇ ಓಡಿ ಬಂದ. ‘ಅಣ್ಣಾ, ಈ ಸಲ ಗುರುಗುಂಟಾದಾಗ ಆಟ. ನಾ ದುರ್ಯೋಧನ ಮಾಡಿದ್ರ ನನಗ ಸಾರಥಿ ಇಲ್ಲ. ನೀ ನಿಂದ್ರತೀ ಏನು? ಕೂಗೂದಿಲ್ಲ, ಕೂಡೂದಿಲ್ಲ. ಕೇಳೂದಷ್ಟಽ.’ ಮನೆಯ ಕಡೆ ನಡೆದೆ.

ಮಸ್ಕಿ, ೨೧ ಜೂನ್

ಬಟ್ಟೆ ನಾನೇ ಒಗೆಯೋಣ, ಓಣಿಯವರು ಏಳುವುದರೊಳಗೆ ಮುಗಿಸೋಣ ಎಂದು ನಸುಕಿನಲ್ಲೇ ಹಿತ್ತಲಿಗೆ ಹೋದೆ. ಆಕೆ ಆಗಲೇ ಅಲ್ಲಿದ್ದಳು. ಸೀರೆ ಹರವಿತ್ತು. ಸೀರೆಯ ಮರೆಯಲ್ಲಿ, ಗೋಡೆಯ ಕಡೆಗೆ, ಒಂದು ಸಾಲು ಬಟ್ಟೆ. ಉದ್ದಕ್ಕೆ ನಾಲ್ಕು ಮಡಿಕೆ ಬಿದ್ದ ಗೆರೆಯವು. ನನ್ನವು ನನ್ನ ಕೈಯಲ್ಲಿದ್ದವು.

‘ಅವು ಯಾರವು?’ ಎಂದೆ.

ಆಕೆ ಬುಟ್ಟಿಯಿಂದ ಇನ್ನೊಂದು ಒದ್ದೆ ಸೀರೆ ಎತ್ತಿಕೊಂಡಳು.

‘ಯಾವಾಗಿಂದ?’

‘ಪಾಮನಕಲ್ಲೂರಾಗ ಕೂಸು ಹೋತಲ್ರಿ. ಆವಾಗಿಂದ.’

‘ನನಗ್ಯಾಕ ಹೇಳಲಿಲ್ಲ?’

‘ನೀವು ಕೇಳಲಿಲ್ಲಲ್ರಿ.’ ಆಮೇಲೆ ಸ್ವಲ್ಪ ನಕ್ಕಳು. ‘ಬಂದ್ರ ಕೂಗಕೋತ ಬರ್ತಿದ್ರಿ, ಹೋದ್ರ ಕೂಗಕೋತ ಹೋಗ್ತಿದ್ರಿ. ನಡುವ ಹೇಳಾಕ ಸಂದಿ ಎಲ್ಲಿತ್ತು?’

ಒದ್ದೆ ಸೀರೆಯ ಒಂದು ತುದಿ ಆಕೆ ಹಿಡಿದಿದ್ದಳು. ಇನ್ನೊಂದು ನಾನು ಹಿಡಿದೆ. ಹಿಂಡುತ್ತ ಕೇಳಿದೆ. ಸೂಲಗಿತ್ತಿ ಯಾರು ಬಂದಿದ್ದರು? ಎಷ್ಟು ಹೊತ್ತು ಬ್ಯಾನೆ ತಿಂದಿ? ಕೂಸು ಅಡ್ಡ ಇತ್ತೆ? ಆಕೆ ಹೇಳಿದಳು. ಕೂಸನ್ನು ಎಳೆದಾಗ ಹರಿಯಿತಂತೆ, ಹಿಂದಿನವರೆಗೆ. ಯಾರೂ ಹೊಲಿಯಲಿಲ್ಲ. ಮಾಯುತ್ತದೆ ಎಂದರಂತೆ. ಗಂಡು ಕೂಸಂತೆ, ತಲೆತುಂಬ ಕೂದಲಿತ್ತಂತೆ. ಅದೂ ನನಗೆ ಗೊತ್ತಿರಲಿಲ್ಲ.

‘ಡಾಕ್ಟರಿಗೆ ತೋರಸೋಣ.’

‘ಹಳೇದಾತ್ರಿ. ತುದಿ ಹಿಂದಕ್ಕ ಸರದಿರ್ತಾವ.’

ಡಾಕ್ಟರು ಅಂದ ಆ ಮಾತನ್ನು ಆಕೆ ಆ ದಿನದಿಂದ ಇಟ್ಟುಕೊಂಡಿದ್ದಳು.

‘ಆಗೂದೇ ಇಲ್ಲ ಅನ್ನಂಗಿಲ್ಲ ಅಂತನೂ ಅಂದಾರ’ ಎಂದೆ.

ಬೆಳಕು ಹರಿಯಿತು. ಸೀರೆ ಇಬ್ಬರೂ ಕೂಡಿ ಹರವಿದೆವು.

ಲಿಂಗಸುಗೂರು, ೫ ಜುಲೈ

ಮೋಟರಿನಲ್ಲಿ ಇಬ್ಬರೂ ನಿಂತು ಬಂದೆವು. ಇಬ್ಬರೂ ಉಪವಾಸ. ಕಂಡಕ್ಟರ್ ಏನೂ ಕೇಳಲಿಲ್ಲ.

ಡಾಕ್ಟರು ನನ್ನನ್ನು ನೋಡಿ, ‘ಏನ್ರಿ ಅಯ್ನೋರ, ಹೊಲಿಗಿ ಏನಾರ ಬಿಚ್ಚೇದೇನು?’ ಎಂದರು.

‘ನಂದಲ್ರಿ, ಆಕೀದು.’

‘ಏನಾಗ್ಯದ ಅವ್ವಗ?’

‘ಆಕಿನ್ನಽ ಕೇಳ್ರಿ.’

ಚಾಂದ್‌ಬೀ ಆಕೆಯ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಹೋಗುವಾಗ ಗುರುಲಿಂಗಮ್ಮ ಒಮ್ಮೆ ತಿರುಗಿ ನೋಡಿದಳು. ನಾನು ಬಾಗಿಲ ಹೊರಗೆ ಉಳಿದೆ. ಗೋಡೆಗೆ ಪುಸ್ತಕ ಆನಿಸಿ ಪೆನ್ಸಿಲಿನಲ್ಲಿ ಇದನ್ನು ಬರೆಯುತ್ತಿದ್ದೇನೆ.

ಒಳಗೆ ಡಾಕ್ಟರರ ಸಣ್ಣ ದನಿ ಏನೋ ಕೇಳಿತು. ಬಹಳ ಹೊತ್ತು ಏನೂ ಇಲ್ಲ. ಒಳಗೆ ಹೋಗಿ ನಾನೇ ಹೇಳಿಬಿಡಲೆ ಎನಿಸಿತು, ಹೋಗಲಿಲ್ಲ. ಮತ್ತೊಮ್ಮೆ ಕೇಳಿದರು. ಆಮೇಲೆ ಆಕೆಯ ದನಿ ಬಂತು. ಮಾತು ತಿಳಿಯುವುದಿಲ್ಲ, ದನಿ ಮಾತ್ರ. ನಿಲ್ಲುತ್ತದೆ, ಮತ್ತೆ ಸುರುವಾಗುತ್ತದೆ. ಒಮ್ಮೆ ಅತ್ತಂತೆ ಕೇಳಿಸಿತು. ಈಗ ಮತ್ತೆ ಹೇಳುತ್ತಿದ್ದಾಳೆ.

ಮಸ್ಕಿಯ ಮೋಟರು ಹೋಯಿತು. ಹೋಗಲಿ. ಬೆಂಚು ಖಾಲಿ ಇದೆ. ಆಕೆ ಹೇಳಿ ಮುಗಿಸುವವರೆಗೆ ಇಲ್ಲೇ ಬಾಗಿಲ ಪಕ್ಕದಲ್ಲಿ ಕೈಕಟ್ಟಿ ನಿಂತಿರುತ್ತೇನೆ.